ತೊಂಬತ್ತೈದರ ಸತ್ಸಂಗ

ಕೆಂಬಾಳೆ ಅಭ್ಯುದಯ ಮಂಡಳಿಯ ಕಲಬುರಗಿ ಕಚೇರಿಗೆ ಒಂದೇ ಒಂದು ವ್ಯಾನು ಇದೆ ಮತ್ತು ಅದು ಪೆಟ್ರೋಲಿನಿಂದ ಓಡುತ್ತದೆ. ಈ ಎರಡು ಸಂಗತಿಗಳ ಬಗ್ಗೆ ಕಡತದಲ್ಲಿ ಎಲ್ಲಿಯೂ ಭಿನ್ನಾಭಿಪ್ರಾಯವಿಲ್ಲ. ಯಾವ ಪೆಟ್ರೋಲಿನಿಂದ ಓಡಬೇಕು ಎಂಬುದರ ಬಗ್ಗೆ ಮಾತ್ರ ಇನ್ನೂರಾ ಹದಿನಾಲ್ಕು ಪುಟಗಳ ಟಿಪ್ಪಣಿ ಇದೆ. ಅದನ್ನು ಬರೆದವನು ನಾನೇ, ದ್ವಿತೀಯ ದರ್ಜೆ ಸಹಾಯಕ ಗುರುಲಿಂಗ. ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಶರಣಬಸಪ್ಪನ ಗುಡಿಯ ದಿಕ್ಕಿಗೆ ಕೈಮುಗಿದ ಮೇಲೆಯೇ ನಾನು ಪೆನ್ನು ಮುಟ್ಟುವುದು. ಆದ್ದರಿಂದ ಈ ಟಿಪ್ಪಣಿಯಲ್ಲಿ ಸುಳ್ಳಿರಲು ಸಾಧ್ಯವಿಲ್ಲ.

ಮಂಡಳಿಯ ಕೆಲಸ ಸರಳವಾದದ್ದು. ಕಮಲಾಪುರದ ತೋಟಗಳಿಂದ ಕೆಂಪು ಬಾಳೆಯ ಸಸಿಗಳನ್ನು ಕಲಬುರಗಿಗೆ ತರುವುದು. ಐವಾನ್-ಎ-ಶಾಹಿ ಬಡಾವಣೆಯಲ್ಲಿರುವ ನಮ್ಮ ಕಚೇರಿಯ ಅಂಗಳದಲ್ಲಿ ಅವು ಕಮಲಾಪುರದವೇ ಎಂದು ಪರಿಶೀಲಿಸಿ ಚೀಟಿ ಕಟ್ಟುವುದು. ಮತ್ತೆ ಕಮಲಾಪುರಕ್ಕೆ ಕಳಿಸುವುದು. ಆ ವರ್ಷ ಕಮಲಾಪುರದ ದುಂಡಮ್ಮ ಎಂಬ ರೈತ ಮಹಿಳೆಗೆ ನಲವತ್ತು ಸಸಿ ಮಂಜೂರಾಗಿದ್ದವು. ಆಕೆ ನಲವತ್ತು ಗುಂಡಿ ತೋಡಿ, ಗೊಬ್ಬರ ಹಾಕಿ ಕಾಯುತ್ತಿದ್ದಳು. ಜೂನಿನ ಮಿರಗದ ಮಳೆ ಇರುವಾಗಲೇ ಸಸಿ ಮಣ್ಣು ಸೇರಬೇಕು. ಬೇರಿಗೆ ಗೋಣಿ ಸುತ್ತಿಟ್ಟ ಸಸಿ ಅಂಗಳದ ಬಿಸಿಲಿನಲ್ಲಿ ಬಹಳ ದಿನ ತಾಳುವುದಿಲ್ಲ. ವಿಷಯ ಇಷ್ಟೇ ಇತ್ತು.

ಅಷ್ಟರಲ್ಲಿ ನಮ್ಮ ನಿರ್ದೇಶಕರಾದ ವಿವೇಕಾನಂದ ಸಾಹೇಬರು ವ್ಯಾನಿನಲ್ಲಿ ಕುಳಿತು ಪೆಟ್ರೋಲ್ ಬಂಕಿಗೆ ಹೋದರು. ಪಕ್ಕದಲ್ಲಿ ಬೇರೊಂದು ಇಲಾಖೆಯ ಅಧಿಕಾರಿಯ ಕಾರು ನಿಂತಿತ್ತು. ಬಂಕಿನವನು ಆ ಕಾರಿಗೆ ತೊಂಬತ್ತೈದು ನಂಬರಿನ ಪವರ್ ಪೆಟ್ರೋಲ್ ಹಾಕಿ, ನಮ್ಮ ವ್ಯಾನಿನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, “ನಿಮ್ದು ಸಾದಾ ಏನ್ರಿ?” ಎಂದ.

“ಹೌದು, ನಮ್ದು ಮೊದ್ಲಿಂದ ಸಾದಾ,” ಎಂದ ನಮ್ಮ ಚಾಲಕ ಸಾಯಬಣ್ಣ.

ಆ ಅಧಿಕಾರಿ ನಮ್ಮ ಸಾಹೇಬರನ್ನು ಒಮ್ಮೆ ನೋಡಿ, ತಮ್ಮ ಕಾರಿನ ಗಾಜು ಏರಿಸಿಕೊಂಡರು. ಸಾಹೇಬರು ಆ ದಿನ ಮಧ್ಯಾಹ್ನದ ಊಟ ಮಾಡಲಿಲ್ಲ. ಸಂಜೆ ನಾಲ್ಕು ಗಂಟೆಗೆ ಈ ಕೆಳಗಿನ ಸುತ್ತೋಲೆ ಹೊರಬಿತ್ತು:

“ಮಂಡಳಿಯ ವ್ಯಾನಿನಲ್ಲಿ ಗ್ರೂಪ್ ‘ಎ’ ಅಧಿಕಾರಿಗಳು ಪ್ರಯಾಣಿಸುವಾಗ ತೊಂಬತ್ತೈದು ನಂಬರಿನ ಪೆಟ್ರೋಲ್ ಬಳಸತಕ್ಕದ್ದು. ಇತರೆ ನೌಕರರು ಪ್ರಯಾಣಿಸುವಾಗ ಸಾದಾ ಪೆಟ್ರೋಲ್ ಬಳಸತಕ್ಕದ್ದು. ಇತರೆ ನೌಕರರು ವ್ಯಾನು ಹತ್ತುವ ಮುನ್ನ ಟ್ಯಾಂಕಿನಲ್ಲಿ ಉಳಿದಿರುವ ಮೇಲ್ದರ್ಜೆಯ ಪೆಟ್ರೋಲನ್ನು ಹೊರತೆಗೆದು, ಕ್ಯಾನಿನಲ್ಲಿ ತುಂಬಿ, ಬೀಗ ಹಾಕಿ ಇಡತಕ್ಕದ್ದು. ಅಧಿಕಾರಿಯ ಜೊತೆಗೆ ಕುಳಿತ ನೌಕರನು ಮೇಲ್ದರ್ಜೆಯ ಪೆಟ್ರೋಲಿನ ಲಾಭವನ್ನು ಆಕಸ್ಮಿಕವಾಗಿ ಪಡೆದಿರುವುದಾಗಿಯೂ, ಮುಂದೆ ಇದನ್ನು ಹಕ್ಕೆಂದು ಕೇಳುವುದಿಲ್ಲವೆಂದೂ ಮುಚ್ಚಳಿಕೆ ಬರೆದುಕೊಡತಕ್ಕದ್ದು.”

ನಾನು ಹನ್ನೊಂದು ಮುಚ್ಚಳಿಕೆ ಬರೆದುಕೊಟ್ಟಿದ್ದೇನೆ. ಅನರ್ಹನಿಗೂ ಕೃಪೆ ಒಲಿಯುತ್ತದೆ ಎಂಬ ನಂಬಿಕೆ ನನಗೆ ಅದರಿಂದ ಗಟ್ಟಿಯಾಯಿತು. ಸಾಯಬಣ್ಣನಿಗೆ ಮಾತ್ರ ಸ್ವಲ್ಪ ತೊಂದರೆಯಾಯಿತು. ಟ್ಯಾಂಕಿನೊಳಗೆ ರಬ್ಬರ್ ಪೈಪು ಇಳಿಸಿ ಬಾಯಿಂದ ಎಳೆಯುವುದು ಅವನ ಪಾಲಿಗೆ ಬಂತು.

“ಗುರುಲಿಂಗಪ್ಪೋರೆ,” ಎಂದು ಅವನು ಉಗುಳುತ್ತ ಹೇಳಿದ, “ಈಗ ಸಾಹೇಬ್ರಕಿಂತ ಹೆಚ್ಚು ಪವರ್ ನನ್ನ ಹೊಟ್ಟ್ಯಾಗ ಅದ ನೋಡ್ರಿ. ನನಗ ಯಾವ ಗ್ರೂಪ್ ಕೊಡ್ತೀರಿ?”

ಈ ಬಗ್ಗೆ ಸ್ಪಷ್ಟನೆ ಕೋರಿ ಒಂದು ಪತ್ರ ಬರೆದೆ. ಉತ್ತರ ಬಂದಿಲ್ಲ.

ದುಂಡಮ್ಮನ ಸಸಿಗಳನ್ನು ಕಳಿಸುವ ದಿನ ಬಂದಾಗ ಕಚೇರಿಗೆ ನಿಜವಾದ ಧರ್ಮಸಂಕಟ ಎದುರಾಯಿತು. ಬಾಳೆ ಸಸಿ ಯಾವ ಗ್ರೂಪಿಗೆ ಸೇರಿದ್ದು? ಸಾದಾ ಪೆಟ್ರೋಲಿನಲ್ಲಿ ಕಳಿಸೋಣವೆಂದರೆ ಕಮಲಾಪುರದ ಕೆಂಪು ಬಾಳೆ ಸರಕಾರದಿಂದ ವಿಶೇಷ ಮಾನ್ಯತೆ ಪಡೆದ ಹಣ್ಣು, ಅದಕ್ಕೆ ಅವಮಾನ. ತೊಂಬತ್ತೈದರಲ್ಲಿ ಕಳಿಸೋಣವೆಂದರೆ ಅದು ಇನ್ನೂ ಹಣ್ಣಾಗಿಲ್ಲ. ದರ್ಜೆ ನಿಗದಿಯಾಗುವವರೆಗೆ ಸಸಿ ಹೊತ್ತು ವ್ಯಾನು ಅಲುಗಾಡಬಾರದೆಂದು ಸಾಹೇಬರು ಬರೆದರು. ನಲವತ್ತು ಸಸಿಗಳು ಅಂಗಳದಲ್ಲಿ ನಿಂತವು. ನಾನು ದಿನಾ ಪೂಜೆಯ ನೀರು ತಂದು ಅವುಗಳ ಮೇಲೆ ಚಿಮುಕಿಸುತ್ತಿದ್ದೆ. ನೀರಿನ ಪ್ರಮಾಣ ಕಡಿಮೆಯಿತ್ತು, ಭಕ್ತಿಯಲ್ಲಿ ಕೊರತೆಯಿರಲಿಲ್ಲ.

ಐದನೆಯ ದಿನ ದುಂಡಮ್ಮ ಬಸ್ಸು ಹತ್ತಿ ಬಂದಳು. ಸಸಿಗಳ ಎಲೆ ಮುಟ್ಟಿ ನೋಡಿದಳು.

“ಯಪ್ಪಾ, ಇವು ಬಾಡಾಕತ್ತಾವಲ್ರಿ. ಗಾಡಿ ಯಾಕ ನಿಂತದ? ಕೆಟ್ಟದೇನು?”

“ಇಲ್ಲವ್ವ, ಗಾಡಿ ಚೊಲೊ ಅದ. ಪೆಟ್ರೋಲೂ ಅದ. ಎರಡು ನಮೂನಿ ಅದ,” ಎಂದೆ.

“ಎರಡು ನಮೂನಿ ಇದ್ದು ನಿಂತದ?”

“ಒಂದೇ ಇದ್ದಿದ್ರ ಯಾವಾಗೋ ಹೋಗ್ತಿತ್ತವ್ವ.”

ಆಕೆ ಸ್ವಲ್ಪ ಹೊತ್ತು ನನ್ನ ಹಣೆಯ ವಿಭೂತಿಯನ್ನೇ ನೋಡಿದಳು.

ತಜ್ಞರ ಅಭಿಪ್ರಾಯ ಪಡೆಯಬೇಕೆಂದು ತೀರ್ಮಾನವಾಯಿತು. ನಾನೂ ಸಾಯಬಣ್ಣನೂ ಕಪನೂರಿನಲ್ಲಿ ಗ್ಯಾರೇಜು ಇಟ್ಟಿರುವ ನೋಮಾನ್ ಭಾಯಿ ಬಳಿ ಹೋದೆವು. ನಿಯಮದಂತೆ ಅದಕ್ಕೂ ಮೊದಲು ಸಾಯಬಣ್ಣ ತೊಂಬತ್ತೈದನ್ನು ಹೊರಗೆಳೆದು ಕ್ಯಾನಿಗೆ ತುಂಬಿದ. ನಾನು ಕ್ಯಾನನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ನೋಮಾನ್ ಭಾಯಿ ಬಾನೆಟ್ ಎತ್ತಿ ನೋಡಿ, ಕೈ ಒರೆಸಿಕೊಂಡರು.

“ಆ ನಂಬರ್ ಅದಲ್ರಿ, ಅದು ತಾಕತ್ತಿಂದಲ್ಲ. ತಾಳ್ಮೆದು. ದೊಡ್ಡ ಇಂಜಿನ್‌ದಾಗ ಪೆಟ್ರೋಲಿನ ಹವಾ ಜೋರ್ ಒತ್ತತದ. ಸಾದಾ ಇದ್ರ ಟೈಮಿಗಿ ಮೊದ್ಲೇ ಭಗ್ ಅಂತ ಹತ್ತಿ ಇಂಜಿನ್ ಕಟ ಕಟ ಅಂತದ. ತೊಂಬತ್ತೈದು ತಡಕೋತದ, ಅಷ್ಟೇ. ನಿಮ್ ಗಾಡಿ ಅಷ್ಟು ಒತ್ತಂಗೇ ಇಲ್ಲ. ಇದನ್ನ ಸಾದಾ ಕುಡಿಲಿ ಅಂತಾನೇ ಮಾಡ್ಯಾರ.”

“ತಾಳ್ಮೆ ದೊಡ್ಡ ಗುಣ ಅಲ್ಲೇನ್ರಿ ಭಾಯಿ?” ಎಂದೆ. “ಹಾಕಿದ್ರ ಗಾಡಿಗಿ ಒಂದಿಷ್ಟು ಒಳ್ಳೇದಾಗಂಗಿಲ್ಲ?”

“ಸಿಟ್ಟೇ ಬರದ ಮನುಷ್ಯಾಗ ತಾಳ್ಮೆ ಕಲಿಸಿದ್ರ ಏನು ಫಾಯ್ದಾರಿ? ಕಮಲಾಪುರಕ್ಕ ಸಾದಾ ಹಾಕಿ ಹೋಗ್ರಿ, ಸಸಿ ಬದುಕ್ತಾವ.”

ಈ ಅಭಿಪ್ರಾಯವನ್ನು ನಾನು ಶಬ್ದಶಃ ಬರೆದು ಮಂಡಿಸಿದೆ. ಸಾಹೇಬರು ಓದಿ, “ಅವರು ಸರಕಾರಿ ನೌಕರರಲ್ಲ,” ಎಂದು ಬದಿಯಲ್ಲಿ ಬರೆದರು. ನಂತರ, ತೊಂಬತ್ತೈದರ ಪರಿಣಾಮವನ್ನು ತಾವೇ ಪರೀಕ್ಷಿಸುವುದಾಗಿ ತಿಳಿಸಿದರು.

ಮರುದಿನ ಸಾಹೇಬರು, ನಾನು, ಸಾಯಬಣ್ಣ ಕಮಲಾಪುರಕ್ಕೆ ಹೊರಟೆವು. ಸಸಿಗಳನ್ನು ಒಯ್ಯಲಿಲ್ಲ, ಪರೀಕ್ಷೆಯ ವಾಹನದಲ್ಲಿ ಸಾಮಾನು ಸಾಗಿಸಿದರೆ ಫಲಿತಾಂಶ ಅಶುದ್ಧವಾಗುತ್ತದೆ. ಮಹಾಗಾಂವ ಕ್ರಾಸ್ ದಾಟಿದ ಮೇಲೆ ಒಂದು ಏರು ಬಂತು. ಸಾಹೇಬರು ಕಣ್ಣು ಮುಚ್ಚಿದರು.

“ಗುರುಲಿಂಗ, ಗೊತ್ತಾಗಾಕತ್ತದೇನು?”

“ಏನ್ರಿ ಸರ್?”

“ಎಳತ. ಹಿಂದಿನಿಂದ ಯಾರೋ ದೊಡ್ಡವರು ಬೆನ್ನ ಮ್ಯಾಲ ಕೈಯಿಟ್ಟಂಗ.”

ನಾನೂ ಕಣ್ಣು ಮುಚ್ಚಿದೆ. ನನಗೆ ಯಾವಾಗಲೂ ಹಾಗೆ ಅನ್ನಿಸುತ್ತದೆ, ಆದ್ದರಿಂದ ಹೌದೆಂದೆ. ಕಮಲಾಪುರದಲ್ಲಿ ದುಂಡಮ್ಮನ ತೋಟದ ಮುಂದೆಯೇ ವ್ಯಾನು ತಿರುಗಿಸಿಕೊಂಡೆವು. ಆಕೆ ಬುಟ್ಟಿ ಹಿಡಿದು ರಸ್ತೆಗೆ ಓಡಿಬಂದು, ಖಾಲಿ ವ್ಯಾನಿನೊಳಗೆ ಇಣುಕಿದಳು.

“ಸಸಿ ಎಲ್ಲ್ಯಾವ್ರಿ?”

“ಅವು ಕಚೇರ್ಯಾಗ ಅವ, ಅವ್ವ. ನಾವು ಪೆಟ್ರೋಲಷ್ಟೇ ತಂದೀವಿ,” ಎಂದೆ.

ವಾಪಸು ಕಚೇರಿಗೆ ಬಂದು, ತೊಂಬತ್ತೈದರಿಂದ ಎಳೆತ ಹೆಚ್ಚಿರುವುದು ಖಚಿತವೆಂದು ಸಾಹೇಬರು ವರದಿಗೆ ಸಹಿ ಹಾಕುವ ಹೊತ್ತಿಗೆ ಸಾಯಬಣ್ಣ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ.

“ಸರ್, ತಪ್ಪು ತಿಳ್ಕೋಬ್ಯಾಡ್ರಿ. ಆ ತೊಂಬತ್ತೈದು ನಿನ್ನಿಯಿಂದ ಕಪಾಟ್ನ್ಯಾಗೇ ಅದ. ಬೀಗದ ಕೈ ಗುರುಲಿಂಗಪ್ಪೋರ ಹಂತ್ಯಾಕ ಅದ. ನಾವು ಹೋಗಿ ಬಂದಿದ್ದು ಸಾದಾದಾಗ.”

ಸಾಹೇಬರ ಮುಖ ಸಪ್ಪಗಾಯಿತು. ಬಂಕಿನಲ್ಲಿ ಗಾಜು ಏರಿದಾಗಲೂ ಅವರ ಮುಖ ಹೀಗೆಯೇ ಆಗಿತ್ತೆಂದು ಸಾಯಬಣ್ಣ ಆಮೇಲೆ ಹೇಳಿದ. ಒಂದು ಜೀವಕ್ಕೆ ಸಮಾಧಾನ ಹೇಳುವುದು ನನ್ನ ಧರ್ಮ. ಬಾಯಿಗೆ ಬಂದದ್ದನ್ನು ಹೇಳಿದೆ:

“ಸರ್, ಇಷ್ಟು ದಿನ ಆ ಟ್ಯಾಂಕಿನ್ಯಾಗ ತೊಂಬತ್ತೈದು ಇತ್ತಲ್ರಿ. ಒಳ್ಳೇವರು ಕುಂತೆದ್ದು ಹೋದ ಜಾಗದಾಗ ಸಾದಾ ಮನುಷ್ಯಾ ಕುಂತ್ರೂ ಬದಲಾಗ್ತಾನ. ಪೆಟ್ರೋಲಿಗೂ ಸತ್ಸಂಗ ಆಗಿರ್ಬೇಕು.”

ಸಾಹೇಬರು ವರದಿಯನ್ನು ನನ್ನ ಕಡೆ ಸರಿಸಿ, “ಇದನ್ನ ಬರಿ,” ಎಂದರು.

ಹೀಗೆ ಸತ್ಸಂಗ ನಿಯಮ ಹುಟ್ಟಿತು. ಅದರ ಪ್ರಕಾರ, ಕಾಲು ಲೀಟರ್ ತೊಂಬತ್ತೈದನ್ನು ಸ್ಟೀಲ್ ಡಬ್ಬಿಯಲ್ಲಿ ತುಂಬಿ, ಮುಚ್ಚಳಕ್ಕೆ ಅರಗಿನ ಮುದ್ರೆ ಒತ್ತಿ, ವ್ಯಾನಿನಲ್ಲಿ ಶಾಶ್ವತವಾಗಿ ಇಡತಕ್ಕದ್ದು. ಟ್ಯಾಂಕಿಗೆ ಸಾದಾ ಹಾಕಿದರೂ ಅದು ಡಬ್ಬಿಯ ಸನ್ನಿಧಿಯಲ್ಲಿ ಮೇಲ್ದರ್ಜೆಗೆ ಏರಿದೆಯೆಂದು ಭಾವಿಸತಕ್ಕದ್ದು. ಇನ್ನು ಮುಂದೆ ಅಧಿಕಾರಿ, ನೌಕರ, ಸಸಿ ಎಂಬ ಭೇದವಿಲ್ಲದೆ ಎಲ್ಲರೂ ಪ್ರಯಾಣಿಸಬಹುದು. ಮಠದ ದಾಸೋಹದ ಪಂಕ್ತಿಯಲ್ಲಿ ಕುಳಿತಷ್ಟು ಸಂತೋಷವಾಯಿತು ನನಗೆ. ಡಬ್ಬಿಗೆ ವಿಭೂತಿ ಹಚ್ಚಿ, ಊದುಬತ್ತಿ ತೆಗೆದೆ.

ಸಾಯಬಣ್ಣ ನನ್ನ ಕೈ ಹಿಡಿದ. “ಯಪ್ಪಾ, ಕಡ್ಡಿ ಕೊರೀಬ್ಯಾಡ್ರಿ. ಸತ್ಸಂಗ ಅಲ್ಲ, ಮೂರೂ ಮಂದಿ ಇಲ್ಲೇ ಲಿಂಗೈಕ್ಯ ಆಗ್ತೀವಿ.”

ಅಂದಿನಿಂದ ಊದುಬತ್ತಿಯನ್ನು ಹಚ್ಚದೆಯೇ ಬೆಳಗುತ್ತೇವೆ. ನಿಯಮಕ್ಕೆ ಮೇಲಿನ ಕಚೇರಿಯ ಒಪ್ಪಿಗೆ ಬರುವುದಷ್ಟೇ ಬಾಕಿಯಿತ್ತು.

ಇತ್ತ ದುಂಡಮ್ಮ ಒಪ್ಪಿಗೆಗಾಗಿ ಕಾಯಲಿಲ್ಲ. ಖಾಲಿ ವ್ಯಾನು ನೋಡಿದ ಮರುದಿನವೇ ಬಸ್ಸಿನಲ್ಲಿ ಬಂದು, ಎರಡು ಸಸಿ ಕಂಕುಳಲ್ಲಿ ಇರುಕಿಕೊಂಡಳು. ನಾನು ನಿಯಮ ಪುಸ್ತಕ ನೋಡಿದೆ. ಸಸಿಗಳನ್ನು ವ್ಯಾನಿನಲ್ಲಿ ಕಳಿಸಲು ಮಾತ್ರ ಅಡ್ಡಿಯಿತ್ತು. ಕಂಕುಳಿಗೆ ಯಾವ ಗ್ರೂಪೂ ಇರಲಿಲ್ಲ. ಬಿಟ್ಟುಕೊಟ್ಟೆ.

“ಎರಡೇ ಯಾಕವ್ವ?” ಎಂದೆ.

“ಕಂಡಕ್ಟರ್ ಬಾಯಿ ಎರಡಕ್ಕ ಸುಮ್ನಿರ್ತಾಳ್ರಿ. ‘ಕೂಸಿನಂಗ ತೊಡಿ ಮ್ಯಾಲ ಇಟ್ಕೊ, ಮೂರನೇದು ತಂದ್ರ ಇಳಿಸ್ತೀನಿ’ ಅಂತಾಳ. ನಮಗೇನು, ಹೆಣ್ಮಕ್ಕಳಿಗಿ ಟಿಕೇಟ್ ಇಲ್ಲ. ದಿನಾ ಎರಡು ಸಲ ಬರ್ತೀನಿ.”

“ಬಸ್ಸಿಗಿ ಯಾವ ಎಣ್ಣಿ ಹಾಕ್ತಾರ ಕೇಳಿದ್ಯೇನು?”

“ಕೇಳಿಲ್ರಿ. ಕೇಳಿದ್ರ ಅದೂ ನಿಂತಗಿಂತೀತು.”

ಹತ್ತು ದಿನ ಆಕೆ ಬಂದಳು, ಹೋದಳು. ನಾನು ಪ್ರತಿ ಸಸಿಗೂ ವಿಭೂತಿ ಹಚ್ಚಿ ಬೀಳ್ಕೊಟ್ಟೆ. ಮೂವತ್ತೆಂಟು ಸಸಿ ಹೋದ ದಿನ ಸಾಹೇಬರು ಕಿಟಕಿಯಿಂದ ನೋಡಿ ಗಾಬರಿಯಾದರು. ಎಲ್ಲವೂ ಹೋದರೆ ವ್ಯಾನು ಏನನ್ನು ಸಾಗಿಸಬೇಕು? ಅವರೇ ಹೊರಗೆ ಬಂದು ಕೈಮುಗಿದರು.

“ದುಂಡಮ್ಮಬಾಯಿ, ಎರಡಾದ್ರೂ ಬಿಟ್ಟು ಹೋಗ್ರಿ. ಸರಕಾರದ ಮರ್ಯಾದಿ ಅದ.”

ದುಂಡಮ್ಮ ಆ ಎರಡು ಸಸಿಗಳನ್ನು ನೋಡಿದಳು, ಸಾಹೇಬರನ್ನು ನೋಡಿದಳು. “ಎಷ್ಟು ದಿನ ಇಟ್ಕೋತೀರಿ?”

“ಒಪ್ಪಿಗಿ ಬರೂತನಕ ಅಷ್ಟೇ.”

ಆಕೆ ಬಗ್ಗಿ, ಎರಡರ ಬೇರಿಗೂ ಕೊಡದಿಂದ ನೀರು ಹೊಯ್ದು, ನೆರಳಿಗೆ ಸರಿಸಿಟ್ಟು ಹೋದಳು. ವ್ಯಾನು ಹೊರಡುವ ದಿನದ ಸಮಾರಂಭಕ್ಕೆ ಎದ್ದು ಕಾಣುವಂತಿರಲಿ ಎಂದು ಸಾಹೇಬರು ಅವನ್ನು ಮತ್ತೆ ಬಿಸಿಲಿಗೆ ತಂದಿಡಿಸಿದರು.

ಒಪ್ಪಿಗೆ ಅದಾದ ಹದಿನೇಳು ದಿನಗಳ ನಂತರ ಬಂತು. ವ್ಯಾನಿಗೆ ಹೂವಿನ ಹಾರ ಹಾಕಿದೆವು. ಮುಂದಿನ ಸೀಟಿನಲ್ಲಿ ಸಾಹೇಬರು, ಅವರ ತೊಡೆಯ ಮೇಲೆ ಡಬ್ಬಿ. ಹಿಂದೆ ನಾನು, ನನ್ನ ತೊಡೆಯ ಮೇಲೆ ಎರಡು ಸಸಿ. ಅವು ಬಹಳ ಹಗುರಾಗಿದ್ದವು. ಕಮಲಾಪುರದ ತೋಟದಲ್ಲಿ ಬಸ್ಸಿನಲ್ಲಿ ಬಂದ ಮೂವತ್ತೆಂಟೂ ಹೊಸ ಎಲೆ ಬಿಟ್ಟು ನಿಂತಿದ್ದವು. ಉಳಿದ ಎರಡು ಗುಂಡಿಗಳಲ್ಲಿ ಸಾಹೇಬರು ತಮ್ಮ ಕೈಯಾರೆ ಸಸಿ ನೆಟ್ಟು, ಡಬ್ಬಿಯನ್ನು ಅವುಗಳ ಸುತ್ತ ಮೂರು ಸಲ ತಿರುಗಿಸಿದರು. ಪಕ್ಕದಲ್ಲಿ ‘ತೊಂಬತ್ತೈದು’ ಎಂದು ಫಲಕ ಹಾಕಲಾಯಿತು. ನಲವತ್ತೂ ಸಸಿಗಳು ವ್ಯಾನಿನ ಮೂಲಕ ತಲುಪಿದವೆಂಬ ಕಾಗದಕ್ಕೆ ದುಂಡಮ್ಮ ಸಹಿ ಮಾಡಿಕೊಟ್ಟಳು. “ಇಷ್ಟಕ್ಕ ಗಾಡಿ ವಾಪಸ್ ಹೋಗ್ತದಂದ್ರ ಇನ್ನೊಂದು ಸಹಿನೂ ಮಾಡ್ತೀನಿ,” ಎಂದಳು.

ವಾರದೊಳಗೆ ಆ ಎರಡು ಸಸಿ ಒಣಗಿದವು.

ಈಗ ಜಿಲ್ಲೆಯಲ್ಲಿ ಡಬ್ಬಿಯಿಲ್ಲದ ವಾಹನ ಅಪರೂಪ. ಕಪನೂರಿಗೆ ಹೋದಾಗ ನೋಮಾನ್ ಭಾಯಿಯ ಗ್ಯಾರೇಜಿನ ಹಲಗೆಯ ಮೇಲೂ ಒಂದು ಹೊಳೆಯುತ್ತಿತ್ತು.

“ಭಾಯಿ, ನೀವೂ?”

“ಗಿರಾಕಿ ಕೇಳ್ತಾರ್ರಿ. ಕೆಲಸ ಮುಗಿದ ಮ್ಯಾಲ ಡಬ್ಬಿ ಸಮೀಪ ಗಾಡಿ ನಿಂದ್ರಸು ಅಂತಾರ, ನಿಂದ್ರಸ್ತೀನಿ. ಇಂಜಿನಿಗಿ ನುಕ್ಸಾನ್ ಇಲ್ಲ.”

“ಫಾಯ್ದಾ?”

“ಟ್ಯಾಂಕಿಗಿ ಹಾಕಿದ್ರ ಎಷ್ಟಿತ್ತೋ ಅಷ್ಟೇ ಅದ.”

ವಾರ್ಷಿಕ ವರದಿಯಲ್ಲಿ ಆ ಎರಡು ಸಸಿಗಳ ಬಗ್ಗೆ ಏನು ಬರೆಯಬೇಕೆಂದು ನಾನು ಪೂಜೆಯಲ್ಲಿ ಕುಳಿತು ಬಹಳ ಯೋಚಿಸಿದೆ. ಸುಳ್ಳು ಬರೆಯಲಾರೆ. ಕೊನೆಗೆ ಹೀಗೆ ಬರೆದೆ: ‘ಸಾದಾ ಬಸ್ಸಿನಲ್ಲಿ ಹೋದ ಮೂವತ್ತೆಂಟು ಸಸಿಗಳು ಇನ್ನೂ ಕಮಲಾಪುರದಲ್ಲಿಯೇ ಇವೆ. ತೊಂಬತ್ತೈದರ ಸನ್ನಿಧಿಯಲ್ಲಿ ಹೋದ ಎರಡು ಸಸಿಗಳು ಒಂದೇ ವಾರದಲ್ಲಿ ಶಿವನ ಪಾದ ತಲುಪಿವೆ.’

ಸಾಹೇಬರು ಓದಿ, ‘ವೇಗದಲ್ಲಿ ಗಣನೀಯ ಹೆಚ್ಚಳ’ ಎಂದು ಬದಿಯಲ್ಲಿ ಬರೆದು ಸಹಿ ಹಾಕಿದರು.