ಕಡಲೆಕಾಯಿಗೆ ನಾನು ಅಂಟಿಸಿದ ರೋಗ

ನಾನು ಓದಿದ್ದು ಗಣಿತ. ಆದರೆ ಜೀವಶಾಸ್ತ್ರಕ್ಕೆ ಬೇರೆ ಮೇಷ್ಟ್ರು ಇಲ್ಲದ ಹೈಸ್ಕೂಲಿನಲ್ಲಿ ಹೂವಿನ ಭಾಗಗಳೂ ನಮ್ಮ ತಲೆಗೇ ಬರುತ್ತವೆ. ನಾಲ್ಕು ತಾಲೂಕು ಸುತ್ತಿ ಈಗ ಮಧುಗಿರಿಯಲ್ಲಿದ್ದೇನೆ. ಆ ಪಾಠ ತೆಗೆದ ಪ್ರತಿ ವರ್ಷವೂ ಏನಾದರೊಂದು ಎಡವಟ್ಟು ಆಗಿಯೇ ತೀರಿದೆ.

ಹಾಜರಿ

ಶಿರಾದಲ್ಲಿ ಮಕ್ಕಳಿಗೆ ಒಂದೊಂದು ದಾಸವಾಳ ತರಲು ಹೇಳಿದೆ. ನಾನೂ ಒಂದನ್ನು ಆರಿಸಿ ತಂದೆ, ದಪ್ಪಗೆ, ಒತ್ತೊತ್ತಾಗಿ ದಳ ತುಂಬಿದ್ದು. ಮಕ್ಕಳ ಹೂವಿನಲ್ಲೆಲ್ಲ ಕೇಸರ, ಪರಾಗ ಎದ್ದು ಕಾಣುತ್ತಿತ್ತು. ನನ್ನದರಲ್ಲಿ ಕಿತ್ತಷ್ಟೂ ದಳವೇ. ಮೇಜಿನ ಮೇಲೆ ಗುಡ್ಡೆ ಬಿತ್ತು. ಮುಂದಿನ ಬೆಂಚಿನವಳು ಮೆಲ್ಲಗೆ ಕೇಳಿದಳು: "ಸಾ, ಕೇಸರ ಇವತ್ತು ಆಬ್ಸೆಂಟು ಅಂತ ಬರ್ಕೊಳ್ಲಾ?"

ಉಳಿದ ಹೂವು

ಕೊಳಾಲದ ಶಾಲೆಯಲ್ಲಿ ಬಿಸಿಯೂಟದ ಅಡುಗೆಯಮ್ಮ ಕಾಂಪೌಂಡಿನ ಪಕ್ಕ ಕುಂಬಳದ ಬಳ್ಳಿ ಹಬ್ಬಿಸಿದ್ದರು. ನಾನು ಮಕ್ಕಳಿಗೆ, "ಅಂಡಾಶಯ ಇರೋ ಹೂವೇ ಬೇಕು, ಬುಡದಲ್ಲಿ ಪುಟ್ಟ ಕಾಯಿ ಇರುತ್ತೆ ನೋಡಿ" ಎಂದೆ. ಅಪರೂಪಕ್ಕೆ ಅವರು ನಾನು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದರು. ಬಳ್ಳಿಯಲ್ಲಿ ಒಂದೂ ಹೆಣ್ಣು ಹೂವು ಉಳಿಯಲಿಲ್ಲ. ಬರಿದಾದ ಬಳ್ಳಿಯ ಮುಂದೆ ಆಕೆ ನಿಂತಿದ್ದು ನೋಡಿ ಸಂಕಟವಾಯಿತು. ಹೋಗಿ ತಪ್ಪಾಯಿತು ಎಂದೆ. ಸಮಾಧಾನಕ್ಕೆ, "ಗಂಡು ಹೂವೆಲ್ಲ ಹಾಗೇ ಇವೆಯಲ್ಲಮ್ಮ" ಎಂದೂ ಸೇರಿಸಿದೆ.

"ಅವುನ್ನ ಮಡಿಕ್ಕೊಂಡು ಏನ್ ಮಾಡ್ಲಿ ಸಾ? ಮನೇಲಿ ಒಂದೈತೆ, ಅದ್ರಿಂದ್ಲೇ ಏನೂ ಆಗಾಕಿಲ್ಲ!"

ರೋಗ

ಇದನ್ನು ಕೊನೆಗೆ ಇಟ್ಟುಕೊಂಡಿದ್ದು ನಾಚಿಕೆಯಿಂದ. ನೆನೆದರೆ ನಗುವೂ ಬರುತ್ತದೆ, ನನ್ನ ಮೇಲೆ ನನಗೇ ಬೇಸರವೂ ಆಗುತ್ತದೆ.

ನಿಡುಗಲ್ ಹತ್ತಿರದ ಶಾಲೆ, ನನ್ನ ಮೊದಲ ವರ್ಷ. ಕಿರುಪರೀಕ್ಷೆಯಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, ಕಡಲೆಕಾಯಿ ಹೂವಿನಿಂದ ಆಗುತ್ತದೆ ಎಂದು ಬರೆದಿದ್ದಳು. ಮಣ್ಣಿನೊಳಗೆ ಇರುವುದೆಲ್ಲ ಬೇರುಗಳೇ ಎಂದು ನಂಬಿದ್ದ ನಾನು ಸೊನ್ನೆ ಹಾಕಿದೆ. ಸಾಲದ್ದಕ್ಕೆ, "ಮಣ್ಣೊಳಗೆ ಹೂ ಬಿಡುತ್ತೇನಮ್ಮ?" ಎಂದು ತರಗತಿಯನ್ನೆಲ್ಲ ನಗಿಸಿದೆ. ಅವಳ ಕಣ್ಣು ತುಂಬಿಕೊಂಡಿತು.

ಮಾರನೇ ದಿನ ಅವಳು ಗಿಡವನ್ನೇ ಕಿತ್ತು ತಂದು ಮೇಜಿನ ಮೇಲಿಟ್ಟಳು. ಮೇಲೆ ಹಳದಿ ಹೂವು. ಬಾಡಿದ ಹೂವಿನ ಬುಡದಿಂದ ಸೂಜಿಯಂಥದ್ದೊಂದು ಹೊರಟು ಕೆಳಗಿಳಿದಿತ್ತು, ಅದರ ತುದಿಯಲ್ಲಿ ಮಣ್ಣು ಮೆತ್ತಿದ ಎಳೆ ಕಾಯಿ. ನೋಡಿದ ಕೂಡಲೇ ಅರ್ಥವಾಯಿತು. ತಪ್ಪು ನನ್ನದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ತರಗತಿಯೆಲ್ಲ ನೋಡುತ್ತಿತ್ತು. "ಇದಕ್ಕೆ ಯಾವುದೋ ರೋಗ ಬಂದಿದೆ" ಎಂದುಬಿಟ್ಟೆ.

ಸುದ್ದಿ ಹೊಲಕ್ಕೆ ಮುಟ್ಟಿ, ಮಧ್ಯಾಹ್ನದೊಳಗೆ ಅವಳ ಅಪ್ಪ ಏದುಸಿರು ಬಿಡುತ್ತ ಬಂದರು. "ಸಾರ್, ನಮ್ ಕಣ್ಣಿಗೆ ಬೆಳೆ ಚೆನ್ನಾಗೇ ಕಾಣ್ತೈತೆ. ನೀವು ಓದ್ದೋರು, ಯಾವ ಮದ್ದು ಹೊಡೀಬೇಕು ಹೇಳ್ರಿ, ಪಾವಗಡಕ್ಕೋಗಿ ತಂದ್ಬುಡ್ತೀನಿ."

"ಏನೂ ಹೊಡೀಬೇಡಿ, ತಾನಾಗೇ ಹೋಗುತ್ತೆ" ಎಂದೆ. ಆಗಲೂ ನಿಜ ಹೇಳಲಿಲ್ಲ. ಆ ಸೊನ್ನೆಯನ್ನೂ ತಿದ್ದಲಿಲ್ಲ.

ಗಿಡ ಕೀಳುವ ಕಾಲಕ್ಕೆ ಆ ಹುಡುಗಿ ಒಂದು ಡಬ್ಬಿ ತುಂಬ ಬೇಯಿಸಿದ ಕಡಲೆಕಾಯಿ ತಂದು, ಎಲ್ಲರ ಎದುರಿಗೆ ನನ್ನ ಮುಂದಿಟ್ಟಳು. ಅವಳ ಮುಖದಲ್ಲಿ ನಗುವಿರಲಿಲ್ಲ.

"ತಿನ್ನಿ ಸಾ, ಅದೇ ರೋಗದ ಕಾಯಿ. ಮನೇಲೆಲ್ಲ ತಿಂದ್ವಿ, ಯಾರ್ಗೂ ಏನೂ ಆಗಿಲ್ಲ."