ತೇಲಿದ ಗೇಟು, ತೇಲಿದ ವೈನಿ

"ಇವತ್ತು ನಿಮ್ಮ ವೈನಿ ಮೋಡದ ಮ್ಯಾಲೆ ಮಲಗ್ತಾಳ, ನೋಡು!" ಎಂದು ನಮ್ಮಣ್ಣ ಕಲ್ಲಿನಾಥ ಅಂಗಳದಲ್ಲಿ ಎದೆ ಉಬ್ಬಿಸಿ ನಿಂತ.

ಬೆಟಗೇರಿಯ ನಮ್ಮ ಓಣಿಯ ಮಗ್ಗಗಳ ಸದ್ದಿಗೆ ಅಣ್ಣನ ಹೆಂಡತಿ ನೀಲಾಂಬಿಕಾ ವೈನಿ ಮಧ್ಯಾಹ್ನ ಕಣ್ಣು ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲ. ಅದಕ್ಕೇ ಈ ತೇಲುವ ಮಂಚ. ಕಾಲುಗಳಿಗೆ ತಾಮ್ರದ ಸುರುಳಿ, ತಲೆಗಡೆ ಬ್ಯಾಟರಿ, ಪಕ್ಕದ ಡಬ್ಬಿಯಲ್ಲಿ ಕರಿ ಬಿಲ್ಲೆಯಂಥ ದಪ್ಪನೆಯ ಪವರ್ ಟ್ರಾನ್ಸಿಸ್ಟರ್.

ವೈನಿ ಮಲಗಿದಳು. ಅಣ್ಣ ಗುಂಡಿ ಒತ್ತಿದ. ಮಂಚ ಏಳಲಿಲ್ಲ, ಕಾಯತೊಡಗಿತು!

"ಏನ್ರೀ, ನನ್ನ ಹಂಚಿನ ಮ್ಯಾಲೆ ಹಾಕೀರೇನು? ತಲಿ ಸುಡಾಕತ್ತೈತಿ!"

ಅಣ್ಣ ಮೀಟರ್ ಹಿಡಿದು ನೋಡಿದ. "ಟ್ರಾನ್ಸಿಸ್ಟರಿನ ಗೇಟಿಗೆ ಬರೇ ಮೂರು ವೋಲ್ಟ್! ಬಾಗಿಲ ಅರ್ಧ ತೆರದಂಗ ಆಗೇತಿ. ಕರೆಂಟ್ ಅಲ್ಲೇ ನೂಕಾಡಿ ಬಿಸಿ ಆಗಾಕತ್ತೈತಿ. ಹನ್ನೆರಡು ಕೊಟ್ಟರ ಪೂರ್ತಿ ತೆರೀತೈತಿ."

ಕೊಟ್ಟ. ಮಂಚ ಮೆಲ್ಲಗೆ ಮೇಲೆದ್ದಿತು! ಗುಂಡಿಯನ್ನು ಒತ್ತಿ, ಬಿಟ್ಟು, ಮತ್ತೆ ಒತ್ತಿ, ಅಣ್ಣ ಅದನ್ನು ನಾಲ್ಕು ಬೆರಳು ಎತ್ತರದಲ್ಲಿ ಹಿಡಿದ. ಮಂಚ ತೊಟ್ಟಿಲಿನಂತೆ ತೂಗಿತು. ವೈನಿಗೆ ಗೊರಕೆಯೇ ಬಂತು. ಅಣ್ಣ ಗುಂಡಿ ಒತ್ತಿ ಹಿಡಿದೇ ಖುಷಿಗೆ ಕುಣಿದ. ಕುಣಿದ ರಭಸಕ್ಕೆ ಗುಂಡಿಯ ತಂತಿ ಗೇಟಿನಿಂದ ಕಿತ್ತು ಅವನ ಕೈಗೇ ಬಂತು!

ಮಂಚ ಏರುತ್ತಲೇ ಹೋಯಿತು.

"ತಂತಿ ಕಿತ್ತರ ಬಂದ್ ಆಗಬೇಕಲ್ಲೋ ಅಣ್ಣಾ?"

"ಗುಂಡಿ ಬಿಟ್ಟಾಗ ಗೇಟಿನ್ಯಾಗ ತುಂಬಿದ ವೋಲ್ಟೇಜ್ ಆ ತಂತಿಯಿಂದನ ಹೊರಗ ಹೋಗ್ತಿತ್ತು, ಈಗ ಅದಕ್ಕ ದಾರಿ ಇಲ್ಲೋ! ಅದನ್ನ ಹೊರಗ ಬಿಡಾಕ ಒಂದು ರೆಸಿಸ್ಟರ್ ಹಚ್ಚೂದು ಮರತೆ. ಬ್ಯಾಟರಿ ಅರ್ಧ ತಾಸು ಬರ್ತೈತಿ. ಆಮ್ಯಾಲೆ..."

ಮಾಳಿಗೆಗೆ ಓಡಿದೆವು. ಬೇವಿನ ಮರದ ತುದಿಯ ಮೇಲೆ ಮಂಚ ಬಿಸಿಲಲ್ಲಿ ಈಜುತ್ತಿತ್ತು. ವೈನಿಯ ಜಡೆ ಕೆಳಗೆ ಇಳಿಬಿದ್ದು ಗಾಳಿಗೆ ತೂಗುತ್ತಿತ್ತು. ಎರಡು ಗಿಳಿಗಳು ಅವಳ ಪಾದದ ಬಳಿ ಕೂತು ಊರು ನೋಡುತ್ತಿದ್ದವು. ಮಗ್ಗದ ಸದ್ದು ಅಲ್ಲಿಗೆ ಮುಟ್ಟುತ್ತಿರಲಿಲ್ಲವೇನೋ, ಅವಳು ನಿದ್ದೆಯಲ್ಲೇ ನಗುತ್ತಿದ್ದಳು. ಎಬ್ಬಿಸಲು ನನಗಂತೂ ಮನಸ್ಸಾಗಲಿಲ್ಲ.

"ನೀಲಾ! ಏಳ! ಡಬ್ಬಿಯಾಗ ಕರೇ ಬಿಲ್ಲೆಗೆ ಮೂರು ಕಾಲು ಅದಾವ. ಮೊದಲನೇದು, ಕಡೀದು, ಎರಡನ್ನೂ ಒಂದ ಬೆರಳಲೆ ಮುಟ್ಟು, ತುಂಬಿದ್ದು ಬೆರಳಿನಿಂದ ಸಣ್ಣಗ ಸೋರತೈತಿ. ಬೆರಳು ಒಣಾ ಇರಲಿ! ಹಸಿ ಇದ್ದರ ಒಮ್ಮೆಲೆ ಬೀಳ್ತಿ!" ಎಂದು ಅಣ್ಣ ಕೂಗಿದ.

ವೈನಿ ಕಣ್ಣುಜ್ಜಿ ಕೆಳಗೆ ನೋಡಿದಳು. ಕಿರುಚಲಿಲ್ಲ. ಬಹಳ ಹೊತ್ತು ನೋಡಿದಳು.

"ಅಯ್ಯ, ನಮ್ಮ ಊರು ಇಷ್ಟ ಚಂದ ಐತೇನ್ರೀ!"

"ಊರು ಆಮ್ಯಾಲೆ ನೋಡು, ನಿನ್ನ ಕಾಲಿಗೆ ಬೀಳ್ತೇನಿ!" ಅಣ್ಣನ ಕಣ್ಣಲ್ಲಿ ನೀರಿತ್ತು.

ಅವಳು ಸೆರಗಿನಲ್ಲಿ ಬೆರಳು ಒರೆಸಿ ಮುಟ್ಟಿದಳು. ಮಂಚ ಗೇಣು ಇಳಿಯಿತು. ಬೆರಳು ತೆಗೆದಳು, ನಿಂತಿತು. ಮತ್ತೆ ಮುಟ್ಟಿದಳು. ಹೀಗೆ ತನಗೆ ಬೇಕಾದಷ್ಟೇ ಇಳಿಯುತ್ತ, ಗಾಳಿಗೆ ತೇಲುತ್ತ, ದಾರಿಯಲ್ಲಿ ಎಲ್ಲರ ಮಾಳಿಗೆ ಇಣುಕಿ ನೋಡುತ್ತ, ಬ್ಯಾಟರಿ ಮುಗಿಯುವ ಹೊತ್ತಿಗೆ ಸರಿಯಾಗಿ ನಮ್ಮ ಮಾಳಿಗೆ ಮುಟ್ಟಿದಳು. ಅಣ್ಣ ಅವಳ ಕೈ ಹಿಡಿದು ಬಿಡಲೇ ಇಲ್ಲ.

"ಈಗ ರೆಸಿಸ್ಟರ್ ಹಚ್ಚಿಬಿಡ್ತೇನಿ" ಎಂದ.

"ಹಚ್ಚಿದರ ನೋಡ್ರಿ ಮತ್ತ! ಹಿಂಗ ಇರಲಿ. ನಾಳೆ ದೊಡ್ಡ ಬ್ಯಾಟರಿ ತರ್ರಿ."

ಅಂದಿನಿಂದ ನಮ್ಮ ಓಣಿಯಲ್ಲಿ ಯಾರೂ ಮಾಳಿಗೆಯ ಮೇಲೆ ನಿಂತು ಗುಟ್ಟಿನ ಮಾತು ಆಡುವುದಿಲ್ಲ.