ಸುಧಾಕರನ ಐಸಿಗೆ ನಾನು ವಕೀಲಳಾದದ್ದು

ಸುಧಾಕರನ ಐಸ್ ಕಂಪೆನಿಯ ಮಾನ ತೆಗೆದದ್ದು ಮೊಬೈಲಿನಲ್ಲಿ ಹೆಸರು ಹಾಕದೆ ಬರೆದ ಆ ಮನುಷ್ಯನಲ್ಲ. ನಾನು. ಅವನು ಸೂಜಿ ಹೋಗುವಷ್ಟು ತೂತು ಮಾಡಿದ್ದ, ಅಷ್ಟೇ. ಅದಕ್ಕೆ ಕೈ ಹಾಕಿ ದೋಣಿ ನುಗ್ಗುವಷ್ಟು ಅಗಲ ಮಾಡಿದವಳು ನಾನು.

ನಾನು ಗಂಗೊಳ್ಳಿಯವಳು. ಬಂದರಿನಲ್ಲಿ ಮೀನು ತೆಗೆದುಕೊಂಡು ತಲ್ಲೂರಿನಲ್ಲಿ ಕೂತು ಮಾರುವುದು ನನ್ನ ಕೆಲಸ. ಓದಿದ್ದು ಮೂರನೇ ಕ್ಲಾಸು, ಅದರಲ್ಲೂ ಮಳೆಗಾಲವೆಲ್ಲ ರಜೆ. ಸುಧಾಕರ ನಮ್ಮ ಕೇರಿಯವನೇ. ಮುಂಬಯಿಯಲ್ಲಿ ಹೋಟೆಲು ನಡೆಸಿ ಬಂದವನು, ಬಂದರಿನ ಹತ್ತಿರ ಐಸ್ ಪ್ಲಾಂಟ್ ಹಾಕುತ್ತೇನೆ, ಮೀನು ಮಾರುವ ಹೆಂಗಸರೂ ಪಾಲು ಹಾಕಿ, ಇದು ನಿಮ್ಮದೇ ಕಂಪೆನಿ ಎಂದ. ನಾನು ಬಳೆ ಬಿಚ್ಚಿ ಕೊಟ್ಟೆ. ನನ್ನ ಬಳೆ ಮಾತ್ರ ಹೋಗಿದ್ದರೆ ಅತ್ತು ಸುಮ್ಮನಾಗುತ್ತಿದ್ದೆ. ಆದರೆ ನನ್ನ ಜೊತೆ ಕೂತು ಮೀನು ಮಾರುವವರಿಗೆಲ್ಲ, "ಕೊಡಿ, ಸುಧಾಕರ ಬಂಗಾರದಂಥ ಗಂಡು" ಎಂದು ಹೇಳಿ ಅವರ ಬಳೆ, ಸರಗಳನ್ನೂ ಬಿಚ್ಚಿಸಿದ್ದೆ. ಕಂಪೆನಿ ಮುಳುಗಿದರೆ ಸುಧಾಕರ ಮತ್ತೆ ಮುಂಬಯಿಯ ಬಸ್ಸು ಹತ್ತಬಹುದು. ನಾನು ಮಾತ್ರ ದಿನಾ ಅದೇ ಹೆಂಗಸರ ನಡುವೆ ಕೂರಬೇಕು. ಮೀನು ಕೊಯ್ಯುವ ಕತ್ತಿ ಎಲ್ಲರ ಕೈಯಲ್ಲೂ ಇರುತ್ತದೆ!

ಮೊಬೈಲಿನಲ್ಲಿ ನಮ್ಮ ಊರಿನವರದೊಂದು ಪುಟ ಉಂಟು. ಯಾರು ಸತ್ತರು, ಯಾರ ದನ ಕಳೆಯಿತು, ಕರೆಂಟು ಯಾವಾಗ ಬರುತ್ತದೆ, ಎಲ್ಲ ಅದರಲ್ಲಿ ಬರುತ್ತದೆ. ಒಂದು ದಿನ ಸೊಸೆ ಸುಮಿತ್ರಾ ಮೊಬೈಲು ಹಿಡಿದುಕೊಂಡು ಅಡುಗೆಮನೆಗೆ ಓಡಿ ಬಂದಳು.

"ಅತ್ತೆ, ಸುಧಾಕರಣ್ಣನ ಮೇಲ್ ಯಾರೋ ಬರ್ದಿರ್ ಕಾಣಿ."

ಬರೆದವನ ಹೆಸರು 'ನೊಂದ ಗ್ರಾಹಕ'. ಮುಖದ ಜಾಗದಲ್ಲಿ ಒಂದು ಗುಲಾಬಿ ಹೂ. ಈ ಕಂಪೆನಿಯ ಐಸು ತಲ್ಲೂರು ಮುಟ್ಟುವ ಮೊದಲೇ ನೀರಾಗುತ್ತದೆ, ಕೇಳೋಣವೆಂದರೆ ಮಾಲಿಕರು ಫೋನು ತೆಗೆಯುವುದಿಲ್ಲ, ಇಂಥವರ ಕೈಯಲ್ಲಿ ಬಡ ಹೆಂಗಸರ ಚಿನ್ನ ಕ್ಷೇಮವೇ ಎಂದು ಬರೆದಿದ್ದ.

ನನಗೆ ಕಾಲಿನಿಂದ ತಲೆಯವರೆಗೆ ಉರಿಯಿತು. ಜಗಲಿಯಲ್ಲಿ ಕೂತಿದ್ದ ನಮ್ಮ ಮನೆಯವರನ್ನು ಕೇಳಿದೆ: "ಹ್ವಾಯ್, ಕೇಂಡ್ರ್ಯಾ? ಎಂತ ಮಾಡುದ್ ಈಗ?"

ಅವರು ಮೊದಲು ಬೋಟಿಗೆ ಹೋಗುತ್ತಿದ್ದವರು. ಈಗ ಬೆಳಿಗ್ಗೆ ನನ್ನ ಮೀನಿನ ಪೆಟ್ಟಿಗೆಯನ್ನು ಟೆಂಪೋಗೆ ಏರಿಸಿಕೊಟ್ಟು, ಆಮೇಲೆ ಮಗ ಕೊಡಿಸಿದ ಮೊಬೈಲನ್ನು ಒರೆಸುತ್ತ ಕೂರುತ್ತಾರೆ. "ಸುಮ್ನೆ ಇರ್" ಎಂದರು. ಸುಮ್ಮನಿರುವವಳನ್ನು ಅವರು ಮದುವೆಯಾಗಬೇಕಿತ್ತು.

ಕಂಪೆನಿಯ ಪಾಲುದಾರಳೆಂಬ ನೆಲೆಯಲ್ಲಿ ಉತ್ತರ ಕೊಡುವುದು ನನ್ನ ಕರ್ತವ್ಯವೆಂದು ತೀರ್ಮಾನಿಸಿದೆ. ನಾನು ಹೇಳುವುದು, ಸುಮಿತ್ರಾ ಒತ್ತುವುದು. ಮುಚ್ಚುಮರೆ ಇಲ್ಲದೆ ಹೇಳಿದೆ: "ಸುಧಾಕರ ಮೋಸಗಾರನಲ್ಲ. ಬೆಳಿಗ್ಗೆ ನಾವೆಲ್ಲ ಐಸು ಐಸು ಎಂದು ಬೊಬ್ಬೆ ಹೊಡೆಯುವುದನ್ನು ನೋಡಲಾರದೆ ಐಸು ಕಟ್ಟುವ ಡಬ್ಬಿಗಳನ್ನು ಉಪ್ಪುನೀರಿನ ತೊಟ್ಟಿಯಿಂದ ಸ್ವಲ್ಪ ಬೇಗ ಎತ್ತಿಸುತ್ತಾನೆ. ಹೊರಗೆ ಗಟ್ಟಿ ಇರುತ್ತದೆ, ಹೊಟ್ಟೆಯಲ್ಲಿ ಮಾತ್ರ ನೀರು. ನಾವು ಅದಕ್ಕೆ ಬಸುರಿ ಐಸು ಎನ್ನುತ್ತೇವೆ. ಅದು ಅವನ ದೊಡ್ಡ ಮನಸ್ಸು."

ಸುಮಿತ್ರಾ ಕೈ ನಿಲ್ಲಿಸಿದಳು. "ಅತ್ತೆ, ಇದ್ ಬರೆಯುಕ್ ಆತ್ತಾ?"

"ಸತ್ಯ ಬರೆಯುಕ್ ಎಂತ ಹೆದ್ರಿಕಿ? ಒತ್ತ್!"

ಒತ್ತಿದಳು. ಸಂಜೆಯೊಳಗೆ ಊರಿಗೆ ಊರೇ 'ಬಸುರಿ ಐಸು' ಎನ್ನತೊಡಗಿತು. ಬೋಟಿನವರು ಸುಧಾಕರನ ಪ್ಲಾಂಟಿನ ಮುಂದೆ ನಿಂತು, "ಹ್ವಾಯ್, ಇವತ್ತ್ ಎಷ್ಟ್ ತಿಂಗ್ಳಿಂದ್ ಇತ್ತ್?" ಎಂದು ಕೇಳಿ ಬಂದರಿನ ಆಚೆ ಬದಿಯ ಇನ್ನೊಂದು ಪ್ಲಾಂಟಿಗೆ ಹೋದರು. ನೊಂದ ಗ್ರಾಹಕ ನನಗೆ ಉತ್ತರ ಬರೆದಿದ್ದ: "ಮಾನ್ಯ ಗಿರಿಜಮ್ಮನವರೇ, ಒಳಗಿನ ವಿಷಯ ತಿಳಿಸಿದ್ದಕ್ಕೆ ವಂದನೆಗಳು."

ನಿಜ ಹೇಳುತ್ತೇನೆ, ಕೋಪದ ನಡುವೆಯೂ ಒಂದು ಗಳಿಗೆ ಖುಷಿಯಾಯಿತು. ಮದುವೆಯಾಗಿ ಬಂದಂದಿನಿಂದ ನನ್ನನ್ನು ಯಾರೂ 'ಮಾನ್ಯ' ಎಂದಿರಲಿಲ್ಲ.

ಮರುದಿನ ಅವನು ಇನ್ನೊಂದು ಬರೆದ. ಮಾಲಿಕರು ಹೊಸ ಮೆಷಿನು ನೋಡಲು ಮುಂಬಯಿಗೆ ಹೋಗಿದ್ದಾರೆಂದು ಆಫೀಸಿನಲ್ಲಿ ಹೇಳುತ್ತಾರೆ, ಅವರು ತಿರುಗಿ ಬರುವವರೋ, ಅಲ್ಲ ಓಡಿಹೋದವರೋ ಎಂದು. ಇದನ್ನು ಕೇಳಿ ಪಾಲುದಾರರಾದ ಹೆಂಗಸರೆಲ್ಲ ನನ್ನ ಅಂಗಳಕ್ಕೇ ಬಂದರು. ನನ್ನ ಪಕ್ಕದಲ್ಲೇ ಕೂರುವ ಲಚ್ಚಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಗಿರಿಜಾ, ನನ್ನ ಸರ ಎಲ್ಲಿತ್ತ್? ಮುಂಬೈಯಗೆ ಇತ್ತಾ?"

"ಬಾಯ್ ಮುಚ್ಚ್. ಉತ್ರ ಕೊಡ್ತೆ ಕಾಣ್" ಎಂದು ಸುಮಿತ್ರಾಳನ್ನು ಕರೆದೆ. ಅಂಗಳ ತುಂಬ ಹೆಂಗಸರ ಎದುರು ಹೇಳಿದೆ, ಅವಳು ಒತ್ತಿದಳು: "ಸುಧಾಕರ ಎಲ್ಲಿಗೂ ಓಡಿಹೋಗಿಲ್ಲ. ಜನರ ಫೋನಿನ ಉಪದ್ರ ತಾಳಲಾರದೆ ಮುಂಬಯಿ ಎಂದು ಹೇಳಿಸಿದ್ದಾನೆ. ಕುಂದಾಪುರದಲ್ಲಿ ಹೆಂಡತಿಯ ತಾಯಿಮನೆಯ ಮೇಲಿನ ಕೋಣೆಯಲ್ಲಿ ಇದ್ದಾನೆ. ನಿನ್ನೆ ನಾನೇ ಅಂಜಲ್ ಮೀನು ಕೊಟ್ಟು ಬಂದಿದ್ದೇನೆ. ಆರೋಗ್ಯವಾಗಿದ್ದಾನೆ."

ಇನ್ನು ಯಾರೂ ಬಾಯಿ ಬಿಡಲಾರರು ಎಂದುಕೊಂಡೆ. ಬಾಯಿ ಬಿಡಲಿಲ್ಲ ನಿಜ. ಎಲ್ಲರೂ ನೇರ ಕುಂದಾಪುರಕ್ಕೆ ಹೋದರು! ಬೋಟಿನವರು, ಮೆಷಿನು ರಿಪೇರಿಯವರು, ಉಪ್ಪಿನ ಅಂಗಡಿಯವರು, ಎಲ್ಲರಿಗಿಂತ ಮುಂದೆ ಲಚ್ಚಕ್ಕ. ಮೇಲಿನ ಕೋಣೆ ಎಂದು ನಾನು ಹೇಳಿದ್ದರಿಂದ ಯಾರಿಗೂ ಹುಡುಕುವ ಕಷ್ಟವಾಗಲಿಲ್ಲ.

ಸುಧಾಕರ ಅದೇ ಸಂಜೆ ನಮ್ಮ ಮನೆಗೆ ಬಂದ. ಅಂಗಿಯ ಮೇಲಿನ ಗುಂಡಿ ಕಿತ್ತುಹೋಗಿತ್ತು. ನನ್ನೆದುರು ಎರಡೂ ಕೈ ಮುಗಿದ.

"ಗಿರಿಜಕ್ಕ, ನಿಮ್ಮ ಕಾಲಿಗ್ ಬೀಳ್ತೆ. ಇನ್ನ್ ನನ್ನ್ ಪರ ಒಂದ್ ಮಾತೂ ಆಡ್‌ಬ್ಯಾಡಿ."

"ನೀ ಹೆದ್ರಬ್ಯಾಡ. ನಾ ಇದ್ದೆ" ಎಂದೆ.

"ನೀವ್ ಇಪ್ದೇ ಹೆದ್ರಿಕಿ" ಎಂದು ಹೇಳಿ ಚಾ ಕೂಡ ಕುಡಿಯದೆ ಹೋದ. ಪಾಪ, ಎಷ್ಟು ಸಂಕೋಚದ ಮನುಷ್ಯ ಎಂದುಕೊಂಡೆ.

ಈಗ ಉಳಿದದ್ದು ಒಂದೇ ದಾರಿ. ನಮ್ಮ ಕಡೆ ಕಳ್ಳ ಯಾರೆಂದು ಗೊತ್ತಾಗದಿದ್ದರೆ ದೈವದ ಮನೆಯಲ್ಲಿ ಒಂದು ತೆಂಗಿನಕಾಯಿ ಇಟ್ಟು ದೂರು ಹೇಳುತ್ತೇವೆ. ಹೆಸರು ಬೇಡ, ವಿಳಾಸ ಬೇಡ. ಹುಡುಕುವುದು, ಶಿಕ್ಷೆ ಕೊಡುವುದು ದೈವದ ಕೆಲಸ. ಗುಲಾಬಿ ಹೂವಿನ ಹಿಂದೆ ಅಡಗಿದರೆ ಪೊಲೀಸರಿಗೆ ಕಾಣದಿರಬಹುದು, ದೈವಕ್ಕೆ ಕಾಣದೆ ಇರುತ್ತದೆಯೇ? ಸುಮಿತ್ರಾಳ ಕೈಯಲ್ಲಿ ಬರೆಸಿದೆ: "ಈ ಕಂಪೆನಿಯ ಮಾನ ತೆಗೆದವರು ಯಾರೇ ಇರಲಿ, ಬರುವ ಮಂಗಳವಾರ ಅವರ ಮೇಲೆ ಕಾಯಿ ಇಡುತ್ತೇನೆ. ದೈವವೇ ನೋಡಿಕೊಳ್ಳಲಿ." ಕಾಯಿಯ ಫೋಟೋವನ್ನೂ ಹಾಕಿಸಿದೆ. ಜುಟ್ಟು ಇದ್ದ ಒಳ್ಳೆಯ ಕಾಯಿ.

ನೊಂದ ಗ್ರಾಹಕ ಆಮೇಲೆ ಒಂದಕ್ಷರ ಬರೆಯಲಿಲ್ಲ. ನಾನು ಗೆದ್ದೆ ಎಂದು ಬೀಗಿದೆ.

ಸೋಮವಾರ ಮಧ್ಯಾಹ್ನ ಊಟಕ್ಕೆ ಕೂತಾಗ ನಮ್ಮ ಮನೆಯವರು ಬಂಗುಡೆಯನ್ನು ಮುರಿದು ಮುರಿದು ಬಟ್ಟಲಿನ ಬದಿಗೆ ಇಟ್ಟರು. ಅವರು ಬಂಗುಡೆ ಬಿಟ್ಟದ್ದನ್ನು ಜ್ವರದಲ್ಲೂ ಕಂಡವಳಲ್ಲ ನಾನು.

"ಕಾಯಿ ಇಡ್‌ಬ್ಯಾಡ" ಎಂದರು.

"ಎಂತಕೆ?"

"ಬರ್ದಂವ ಪಾಪದಂವ."

"ನಿಮ್ಗ್ ಹ್ಯಾಂಗ್ ಗೊತ್ತ್?"

"ಗುರ್ತ ಇತ್ತ್."

"ಯಾರ್ ಅಂವ? ಹೇಳಿ, ಈಗ್ಳೇ ಹೋತೆ."

ಅವರು ಕೈಯಲ್ಲಿದ್ದ ಮೀನಿನ ಮುಳ್ಳನ್ನು ಮೆಲ್ಲನೆ ತಿರುಗಿಸಿ ತಮ್ಮ ಎದೆಗೇ ತೋರಿಸಿಕೊಂಡರು.

ಬಾಗಿಲಲ್ಲಿದ್ದ ಸುಮಿತ್ರಾ ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡಿದಳು. ನನಗೆ ಮೊದಲು ನೆನಪಾದದ್ದು ಕಂಪೆನಿಯಲ್ಲ, ಬಳೆಯಲ್ಲ. ಮನೆಯಲ್ಲಿ ಇಷ್ಟು ವರ್ಷ 'ಹ್ವಾಯ್' ಎಂದೇ ಕರೆದ ಮನುಷ್ಯ ಮೊಬೈಲಿನಲ್ಲಿ 'ಮಾನ್ಯ ಗಿರಿಜಮ್ಮನವರೇ' ಎಂದದ್ದು!

"ನಂಗ್ ಹೇಳುಕ್ ಆತಿರ್ಲಿಲ್ಯಾ?" ಎಂದು ಗದರಿಸಿದೆ.

"ಹೇಳಿದ್ದೆ. ಪೆಟ್ಟಿಗಿ ಹೊರುದ್ ನಾನ್. ಟೆಂಪೋ ಬಪ್ಪುದ್ರೊಳ್ಗ್ ಐಸ್ ನೀರಾಯಿ ಬೆನ್ನ್ ಮೇಲ್ ಇಳಿತ್ತ್. ಹೇಳ್ರೆ, ಸುಧಾಕರಂಗೆ ಎಂತಾರೂ ಅಂದ್ರೆ ಅನ್ನ ಹಾಕುದಿಲ್ಲ ಅಂದೆ ನೀನ್. ಮನಿಯಗೆ ಹೇಳುಕ್ ಧೈರ್ಯ ಸಾಕಾಯ್ಲಿಲ್ಲ. ಅದ್ಕೇ ಊರಿಗ್ ಹೇಳ್ದೆ."

ಅನ್ನ ಹಾಕುವುದಿಲ್ಲ ಎಂದದ್ದು ನಿಜ. ಅವರ ಬಟ್ಟಲಿಗೆ ಕೇಳದೆಯೇ ಇನ್ನೊಂದು ಸೌಟು ಅನ್ನ ಹಾಕಿದೆ. ಅಪರೂಪದ ಸಂಗತಿ, ಅವರಿಗೂ ಆಶ್ಚರ್ಯವಾಗಿರಬೇಕು.

ಇನ್ನು ಕಾಯಿ ಏನು ಮಾಡುವುದು? ಇಟ್ಟರೆ ಗಂಡನ ಮೇಲೆ ಇಟ್ಟಂತಾಯಿತು. ಅಷ್ಟೇ ಆಗಿದ್ದರೆ ಯೋಚನೆ ಮಾಡಬಹುದಿತ್ತು. ಆದರೆ ನಾನು ಬರೆಸಿದ್ದು 'ಕಂಪೆನಿಯ ಮಾನ ತೆಗೆದವರು ಯಾರೇ ಇರಲಿ' ಎಂದು. ಬಸುರಿ ಐಸು ಎಂದವರು ಯಾರು? ಮೇಲಿನ ಕೋಣೆ ತೋರಿಸಿದವರು ಯಾರು? ದೈವ ಹುಡುಕುತ್ತ ಹೊರಟರೆ ಜಗಲಿಯಲ್ಲಿ ಕೂತ ಮುದುಕನನ್ನು ದಾಟಿ ನೇರ ಅಡುಗೆಮನೆಗೇ ಬರುತ್ತದೆ! ನಾನು ಧೈರ್ಯದ ಹೆಂಗಸು. ಆದರೆ ಅಷ್ಟು ಧೈರ್ಯದವಳಲ್ಲ.

ಮರುದಿನ ಬೆಳಿಗ್ಗೆ ಮೀನಿನ ಪೆಟ್ಟಿಗೆಯನ್ನು ಗಂಡನ ತಲೆಯ ಮೇಲೆ ಹೊರಿಸಿ, ಕಾಯಿಯನ್ನು ಸೊಂಟದಲ್ಲಿಟ್ಟುಕೊಂಡು, ದೈವದ ಮನೆಯನ್ನು ದಾಟಿ ಸುಧಾಕರನ ಆಫೀಸಿಗೆ ಹೋದೆ. ಕಾಯಿಯನ್ನು ಅವನ ಮೇಜಿನ ಮೇಲೆ ಇಟ್ಟೆ.

"ಸುಧಾಕರ, ಇನ್ನ್ ನಡು ಗಟ್ಟಿ ಆಗ್ದೆ ಒಂದ್ ಡಬ್ಬಿ ಎತ್ತ್‌ಸಿರೆ ಈ ಕಾಯಿ ದೈವದ ಮನಿಗ್ ಹೋತ್. ನಿನ್ನ್ ಹೆಸ್ರ್ ಹೇಳಿಯೇ ಇಡ್ತೆ."

ಅವನು ಕಾಯಿಯನ್ನು ನೋಡಿದ, ನನ್ನನ್ನು ನೋಡಿದ. "ಹಂಗಾರ್ ಇವತ್ತ್ ಐಸ್ ಇಲ್ಲ ಗಿರಿಜಕ್ಕ. ನಡು ಗಟ್ಟಿ ಆಪ್ದ್ ನಾಳಿಗೇ."

"ಇಲ್ದಿರೆ ಇಲ್ಲ! ಬೋರ್ಡ್ ಹಾಕ್!"

ಅವನು ನಿಜಕ್ಕೂ ಎದ್ದು ಹೋಗಿ ಬೋರ್ಡು ಹಾಕಿದ. ಉಳಿದ ಪಾಲುದಾರರ ಜೊತೆ ಐಸಿಗೆಂದು ಬಂದು ಬಾಗಿಲಲ್ಲಿ ನಿಂತಿದ್ದ ಲಚ್ಚಕ್ಕನೂ, "ಹಂಗೆ ಹೇಳ್ ಗಿರಿಜಾ" ಎಂದಳು. ಅವರೆಲ್ಲರ ಚಿನ್ನ ಉಳಿಸಿದವಳಂತೆ ತಲೆಯೆತ್ತಿಕೊಂಡು ಹೊರಗೆ ಬಂದೆ. ಬಂದ ಮೇಲೆ ನೋಡುತ್ತೇನೆ, ಪೆಟ್ಟಿಗೆ ತುಂಬ ಬಂಗುಡೆ, ಮೇಲೆ ಸುಡುವ ಬಿಸಿಲು, ಐಸು ಒಂದು ಚೂರೂ ಇಲ್ಲ.

ತಲೆಗೆ ಸೆರಗು ಹೊದ್ದು ಹಿಂದಿನ ಓಣಿಯಿಂದ ಇನ್ನೊಂದು ಪ್ಲಾಂಟಿಗೆ ಹೋದೆ. ನನ್ನ ಹಿಂದೆ ಲಚ್ಚಕ್ಕ, ಅವಳ ಹಿಂದೆ ಉಳಿದ ಪಾಲುದಾರರು, ಎಲ್ಲರ ಹಿಂದೆ ನೊಂದ ಗ್ರಾಹಕ, ತಲೆಯ ಮೇಲೆ ಪೆಟ್ಟಿಗೆ.

ಐಸು ಕೊಡುವವನು ನನ್ನ ಸೆರಗಿನೊಳಗೆ ಬಗ್ಗಿ ನೋಡಿ ಕೇಳಿದ: "ಗಿರಿಜಕ್ಕ, ಎಂತದ್ ಬೇಕ್? ನಮ್ಮಲ್ಲ್ ಬಸ್ರಿ ಇಲ್ಲ ಕಾಣಿ."

ಸಾಲಿಗೆ ಸಾಲೇ ನಕ್ಕಿತು. ನಾನು ದುಡ್ಡು ಕೊಟ್ಟು ಐಸು ತುಂಬಿಸಿಕೊಂಡು ಟೆಂಪೋ ಹತ್ತಿದೆ. ದಾರಿಯುದ್ದಕ್ಕೂ ಪೆಟ್ಟಿಗೆಯ ಮುಚ್ಚಳ ಎತ್ತಿ ಎತ್ತಿ ನೋಡಿದೆ.

ತಲ್ಲೂರು ಮುಟ್ಟುವವರೆಗೂ ಆ ಐಸು ಒಂದು ಹನಿ ಕರಗಲಿಲ್ಲ. ನನಗೆ ಹೊಟ್ಟೆ ಉರಿದದ್ದು ಅದಕ್ಕೇ!